ಅಪ್ಪನ ಬಿಸ್ಕತ್ ಡಬ್ಬಿಯಲ್ಲಿ ಸಿಕ್ಕ ಎಂಜಿನ್

ಪ್ರಶ್ನೆ: ಸಾರ್, ನಮ್ಮಪ್ಪ ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದರು. ಅಟ್ಟ ಗುಡಿಸುವಾಗ ಅವರ ಹಳೇ ಬಿಸ್ಕತ್ ಡಬ್ಬಿಯಲ್ಲಿ ಮಾಡೆಲ್ ವಿಮಾನದ ಎಂಜಿನ್ ಸಿಕ್ಕಿತು. ಜೊತೆಗಿದ್ದ ಚೀಟಿಯಲ್ಲಿ ‘ಪಿಎಡಬ್ಲ್ಯೂ 1.49’ ಎಂದಿದೆ. ಪ್ಲಗ್ ಕಳೆದುಹೋದಂತಿದೆ. ಶಾಫ್ಟ್ ಸ್ವಲ್ಪವೂ ತಿರುಗುವುದಿಲ್ಲ. ಅಪ್ಪನಿಗೀಗ 74. ಅವರ ಮುಂದೆ ಒಮ್ಮೆ ಓಡಿಸಬೇಕೆಂಬ ಆಸೆ. ಆಗುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಗುವ ಸಾಧ್ಯತೆಯೇ ಜಾಸ್ತಿ. ಪ್ಲಗ್ ಕಳೆದಿಲ್ಲ, ಆ ಎಂಜಿನ್‌ಗೆ ಪ್ಲಗ್ಗೇ ಇಲ್ಲ. ಪಿಎಡಬ್ಲ್ಯೂ ಅಂದರೆ ಪ್ರೋಗ್ರೆಸ್ ಏರೋ ವರ್ಕ್ಸ್, ತಯಾರಕರ ಹೆಸರು. ನಿಮ್ಮದು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ತಯಾರಾದ ಒಂದೂವರೆ ಸಿಸಿಯ ಪುಟ್ಟ ಡೀಸೆಲ್. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಹೆಚ್ಚುಕಡಿಮೆ ಸಮಪಾಲು ಬೆರೆಸಿದರೆ ಅದರ ಇಂಧನ. ಸಿಲಿಂಡರ್ ಒಳಗೆ ಗಾಳಿ ಒತ್ತಿ ಬಿಸಿಯಾದಾಗ ಈಥರ್ ತಾನಾಗೇ ಹೊತ್ತಿಕೊಳ್ಳುತ್ತದೆ. ತಲೆಯ ಮೇಲೆ ಅಡ್ಡಕಡ್ಡಿ ಇರುವ ಒಂದು ಸ್ಕ್ರೂ ಇದೆ ಅಲ್ವಾ? ಒತ್ತಡ ಹೆಚ್ಚು ಕಡಿಮೆ ಮಾಡುವುದು ಅದರಿಂದಲೇ.

ಎಂಜಿನ್ ಕಚ್ಚಿಕೊಂಡಿರುವುದು ಬಹುಶಃ ತುಕ್ಕಿನಿಂದಲ್ಲ, ಹರಳೆಣ್ಣೆಯಿಂದ. ವರ್ಷಗಟ್ಟಲೆ ಬಿಟ್ಟರೆ ಅದು ಅಂಟಾಗಿ, ಆಮೇಲೆ ವಾರ್ನಿಷ್ ಥರ ಗಟ್ಟಿಯಾಗುತ್ತದೆ. ದಯವಿಟ್ಟು ಇಕ್ಕಳ ಹಾಕಬೇಡಿ. ಹುಡುಗನಾಗಿದ್ದಾಗ ನಾನು ಶಾಫ್ಟ್‌ಗೆ ಇಕ್ಕಳ ಹಾಕಿ ತಿರುಗಿಸಿದೆ. ಪಿಸ್ಟನ್ ಮತ್ತು ಶಾಫ್ಟ್ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿಹೋಯಿತು. ಅದಕ್ಕೆ ಬದಲಿ ರಾಡ್ ನನಗೆ ಸಿಗಲೇ ಇಲ್ಲ. ಆ ಬೇಸರ ಇವತ್ತಿಗೂ ಇದೆ.

ಮೊದಲು ಆ ಅಡ್ಡಕಡ್ಡಿಯನ್ನು ಒಂದು ಸುತ್ತು ಸಡಿಲಿಸಿ. ಹೇರ್ ಡ್ರೈಯರ್ ಹಿಡಿದು ಹತ್ತು ನಿಮಿಷ ಸಿಲಿಂಡರ್ ಬಿಸಿ ಮಾಡಿ. ಎಕ್ಸಾಸ್ಟ್ ಕಿಂಡಿಯೊಳಗೆ ಮೂರು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ. ಮರದ ಪ್ರೊಪೆಲ್ಲರ್ ಕಟ್ಟಿ, ಬೆರಳಲ್ಲಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ತಣ್ಣಗಾದರೆ ಮತ್ತೆ ಬಿಸಿ ಮಾಡಿ. ನಾಲ್ಕೈದು ಸಲವಾದ ಮೇಲೆ ಕೂದಲೆಳೆಯಷ್ಟು ಕದಲುತ್ತದೆ. ಕಿಂಡಿಯಲ್ಲಿ ಜೇನುತುಪ್ಪದ ಬಣ್ಣದ ಎಣ್ಣೆ ಜಿನುಗುತ್ತದೆ. ಅದು ಕಂಡರೆ ಅರ್ಧ ಗೆದ್ದಂತೆ.

ಹೊರಗಿನ ಕಂದು ಕಲೆಗೆ ಹುಣಸೆಹುಳಿ ಬೇಡ. ಕಾಸ್ಟಿಕ್ ಸೋಡಾ ಅಂತೂ ಅಲ್ಯುಮಿನಿಯಮ್ಮನ್ನೇ ತಿಂದುಬಿಡುತ್ತದೆ. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ಕೂಲೆಂಟ್‌ನಲ್ಲಿ ಮುಳುಗಿಸಿ, ಕುದಿಯಲು ಬಿಡದೆ ಕೆಲವು ಗಂಟೆ ಬಿಸಿ ಇಟ್ಟರೆ ಕಲೆ ಕರಗುತ್ತದೆ. ಇದು ವಿಷ. ಮನೆ ಹೊರಗೆ ಮಾಡಿ, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ. ಪಿಸ್ಟನ್‌ಗೆ ಮಾತ್ರ ಯಾವ ಕಾರಣಕ್ಕೂ ಉಪ್ಪುಕಾಗದ ಮುಟ್ಟಿಸಬೇಡಿ. ಅದಕ್ಕೆ ರಿಂಗ್ ಇಲ್ಲ. ಸಿಲಿಂಡರ್‌ಗೆ ಹೊಂದುವಂತೆ ಉಜ್ಜಿ ಕೂರಿಸಿದ್ದು. ಸ್ವಲ್ಪ ಸವೆದರೂ ಒಳಗಿನ ಒತ್ತಡ (ಕಂಪ್ರೆಷನ್) ಹೋಯಿತು.

ಓಡಿಸುವ ದಿನ ದಪ್ಪ ಮರದ ತುಂಡಿಗೆ ಬಿಗಿಯಾಗಿ ಬೋಲ್ಟ್ ಮಾಡಿ. 8 ಇಂಚು ಉದ್ದ, 4 ಇಂಚು ಪಿಚ್‌ನ ಪ್ರೊಪೆಲ್ಲರ್ ಸರಿಹೋಗುತ್ತದೆ (ಪಿಚ್ ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ). ಬೆರಳಿಗೆ ದಪ್ಪ ಗ್ಲೌಸ್ ಇರಲಿ. ಈಥರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಹೋಗುತ್ತದೆ. ಸ್ಟವ್, ದೇವರ ದೀಪ ಹತ್ತಿರವಿರುವಲ್ಲಿ ಇಂಧನದ ಡಬ್ಬಿಯ ಮುಚ್ಚಳ ತೆಗೆಯಲೇಬೇಡಿ. ಅಪ್ಪನಿಗೆ ಪ್ರೊಪೆಲ್ಲರ್ ಹಿಂದೆ, ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿ. ಒತ್ತಡ ಜಾಸ್ತಿಯೋ ಕಡಿಮೆಯೋ ಅಂತ ಸದ್ದು ಕೇಳಿಯೇ ಅವರು ಹೇಳಿಯಾರು. ಅಡ್ಡಕಡ್ಡಿ ತಿರುಗಿಸುವ ಕೈ ನಿಮ್ಮದಾಗಲಿ.

ಪ್ರಶ್ನೆ: ನನ್ನ ಹತ್ತಿರ ಜಪಾನಿನ ಹಳೇ ಮಾಡೆಲ್ ಎಂಜಿನ್ ಎನ್ಯಾ 15 ಇದೆ. ಕ್ರ್ಯಾಂಕ್‌ಕೇಸ್ (ಶಾಫ್ಟ್ ಇರುವ ಹೊರಕವಚ) ಕನ್ನಡಿಯಂತೆ ಪಾಲಿಶ್ ಮಾಡಿ, ಸಿಲಿಂಡರ್ ತಲೆಗೆ ಕೆಂಪು ಬಣ್ಣ ಹಾಕಿಸಿ, ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಕೂರಿಸಲೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪಾಲಿಶ್ ಬೇಡ. ಎರಕದ ಆ ಮಂಕು ಮೈ, ಉಬ್ಬಿದ ಅಕ್ಷರ ಒಮ್ಮೆ ಸವೆದರೆ ಯಾರೂ ಹಿಂದಕ್ಕೆ ತರಲಾರರು. ಸ್ಪಿನ್ನರ್ (ಪ್ರೊಪೆಲ್ಲರ್ ಮುಂದಿನ ಚೂಪು ಟೋಪಿ), ಟ್ಯಾಂಕ್, ಪ್ರೊಪೆಲ್ಲರ್, ಇಂಧನದ ಹರಿವು ಹೊಂದಿಸುವ ಉದ್ದದ ನೀಡಲ್ ಇವನ್ನು ನಿಮ್ಮಿಷ್ಟದಂತೆ ಬದಲಾಯಿಸಿ. ಕೆಂಪು ತಲೆ ಬೇಕೇ ಬೇಕೆಂದರೆ ಇನ್ನೊಂದು ತಲೆ ಹುಡುಕಿ ಅದಕ್ಕೆ ಬಣ್ಣ ಹಾಕಿಸಿ, ಮೂಲದ್ದನ್ನು ಎಣ್ಣೆ ಸವರಿ ತೆಗೆದಿಡಿ. ಥ್ರಾಟಲ್ ಸಲುವಾಗಿ ಕೇಸ್ ಕೊರೆಯಬೇಡಿ. ಅಷ್ಟೇ ಅಳತೆಯ, ಥ್ರಾಟಲ್ ಇರುವ ಇನ್ನೊಂದು ಎಂಜಿನ್ ನೋಡಿ. 15 ಅಂದರೆ 0.15 ಘನ ಇಂಚು, ಸುಮಾರು 2.5 ಸಿಸಿ. ಆ ಅಳತೆಯವು ಹುಡುಕಿದರೆ ಸಿಗುತ್ತವೆ.