ಕಾಲಿನ ಡಾಪ್ಲರ್ ಆಗಿದೆ, ಮತ್ತೆ ಹೊಟ್ಟೆಯ ಸಿಟಿ ಯಾಕೆ?

ಗದಗಿನ ನಿಮ್ಮ ದೊಡ್ಡವ್ವನ ಎಡಗಾಲು ತೊಡೆತನಕ ಬಾತಿದೆ, ಡಾಪ್ಲರ್‌ನಲ್ಲಿ (ರಕ್ತನಾಳದ ಅಲ್ಟ್ರಾಸೌಂಡ್) ರಕ್ತ ಹೆಪ್ಪುಗಟ್ಟಿದ್ದು ಕಂಡಿದೆ, ಈಗ ಹುಬ್ಬಳ್ಳಿಗೆ ಹೋಗಿ ಹೊಟ್ಟೆಯ ಸಿಟಿ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಸುಮ್ನೆ ಖರ್ಚು ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

ಡಾಪ್ಲರ್ ತೊಡೆ, ಮೊಣಕಾಲಿನ ನಾಳಗಳನ್ನು ಚೆನ್ನಾಗಿ ತೋರಿಸುತ್ತದೆ. ಹೊಟ್ಟೆಯೊಳಗಿನ ದೊಡ್ಡ ನಾಳ ಎಷ್ಟೋ ಸಲ ಕರುಳಿನ ಗ್ಯಾಸ್‌ನಿಂದ ಕಾಣುವುದೇ ಇಲ್ಲ. ಇಡೀ ಕಾಲು ಬಾತಾಗ ಅನುಮಾನ ಅಲ್ಲಿಗೇ ಹೋಗುತ್ತದೆ, ಅದರಲ್ಲೂ ಎಡಗಾಲಾದರೆ ಜಾಸ್ತಿ. ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿ, ಎಡಗಾಲಿನಿಂದ ರಕ್ತ ತರುವ ಅಭಿಧಮನಿಯ ಮೇಲೆ ಹಾದುಹೋಗುತ್ತದೆ. ಕೆಲವರಲ್ಲಿ ಅದನ್ನು ಬೆನ್ನುಮೂಳೆಗೆ ಒತ್ತಿ ಚಪ್ಪಟೆ ಮಾಡಿಬಿಡುತ್ತದೆ. ಇದಕ್ಕೆ ಮೇ-ಥರ್ನರ್ ಅಂತಾರೆ. ಹೊಟ್ಟೆಯಲ್ಲಿ ಗಡ್ಡೆ ಇದ್ದು ಅದು ಒತ್ತುತ್ತಿದ್ದರೂ ಸಿಟಿಯಲ್ಲಿ ಕಾಣುತ್ತದೆ. ಸಿಟಿಯಲ್ಲಿ ನಾಳ ಎದ್ದು ಕಾಣಲಿ ಅಂತ ಬಣ್ಣದ ಇಂಜೆಕ್ಷನ್ ಕೊಡುವ ಮೊದಲು, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ.

ಸಿಟಿ ಆಗಲಿ ಅಂತ ಔಷಧ ತಡಮಾಡಬೇಡಿ. ಹೆಪಾರಿನ್ ಇಂಜೆಕ್ಷನ್ ಅಥವಾ ರಿವರಾಕ್ಸಬಾನ್‌ನಂಥ ಮಾತ್ರೆ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಬೇಕು. ಇವು ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತವೆ. ಕರಗಿಸುವ ಕೆಲಸ ದೇಹದ್ದು. ಹೊಟ್ಟೆಯ ನಾಳವೇ ಮುಚ್ಚಿ, ಹೆಪ್ಪು ಸುಮಾರು 14 ದಿನದೊಳಗಿನದಾಗಿದ್ದು, ರಕ್ತಸ್ರಾವದ ಭಯ ಕಡಿಮೆ ಇದ್ದರೆ, ಸಣ್ಣ ಕೊಳವೆ ಹಾಕಿ ಬೇರೆ ಔಷಧದಿಂದ ಹೆಪ್ಪನ್ನು ಕರಗಿಸಬಹುದು ಅಥವಾ ಎಳೆದು ತೆಗೆಯಬಹುದು. ಆಮೇಲೂ ನಾಳ ಕಿರಿದಾಗಿದ್ದರೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಜಾಲರಿ ಕೊಳವೆ. ಎಲ್ಲರಿಗೂ ಇದು ಬೇಕಿಲ್ಲ. ಯಾಕೆ ಬೇಕು ಅಂತ ಡಾಕ್ಟರನ್ನು ಕೇಳಿ, ಸಂಕೋಚ ಬೇಡ.

ದಯವಿಟ್ಟು ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.