ಮುಂದೆ ಬರುವ ವಿದ್ಯುತ್ ಸ್ಥಾವರಗಳಿಗೆ ಒಂದು ಪ್ರದೇಶದಲ್ಲಿ ನೀರು ಸಾಕಾಗುತ್ತಾ ಅಂತ ತಿಳಿಯುವುದು ಹೇಗೆ?

ನಿಮ್ಮ ಕೈಯಲ್ಲಿ ಒಂದು ನದಿಯ ಹರಿವಿನ ಅಂಕಿಗಳಿವೆ. ವರ್ಷದ ಒಟ್ಟು ನೀರಿನಲ್ಲಿ ಈಗಿನ ಬಳಕೆ ಕಳೆದರೆ ಬೇಕಾದಷ್ಟು ಉಳಿಯುತ್ತದೆ. ಹಾಗಾಗಿ ಇನ್ನು 20 ವರ್ಷದಲ್ಲಿ ಬರುವ ಸ್ಥಾವರಗಳಿಗೂ ನೀರಿದೆ ಅಂತ ವರದಿ ಬರೆಯಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ನಾನು ಹಲವು ವರ್ಷ ಇದೇ ಲೆಕ್ಕದ ಕೆಲಸ ಮಾಡಿದ್ದೇನೆ. ಹೀಗೆ ಉಳಿದಂತೆ ಕಾಣುವ ನೀರಿನಲ್ಲಿ ಬಹುಪಾಲು ಮಳೆಗಾಲದ ಕೆಲವೇ ವಾರಗಳಲ್ಲಿ ಹರಿದು ಹೋಗಿರುತ್ತದೆ. ಸ್ಥಾವರಕ್ಕೆ ನೀರು ದಿನಾ ಬೇಕು.

ಮೊದಲು ಬೇಡಿಕೆ ನೋಡೋಣ. ಕೂಲಿಂಗ್ ಟವರ್ (ಬಿಸಿ ನೀರಿನ ಒಂದು ಪಾಲು ಆವಿಯಾಗಲು ಬಿಟ್ಟು ಉಳಿದದ್ದನ್ನು ತಣ್ಣಗೆ ಮಾಡುವ ಗೋಪುರ) ಇರುವ ಕಲ್ಲಿದ್ದಲು ಸ್ಥಾವರ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 2.5 ಲೀಟರ್ ನೀರು ಬಳಸುತ್ತದೆ ಅಂತಿಟ್ಟುಕೊಳ್ಳಿ. 1,000 ಮೆಗಾವ್ಯಾಟ್ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ 2.4 ಕೋಟಿ ಯೂನಿಟ್, ಅಂದರೆ 6 ಕೋಟಿ ಲೀಟರ್. ಇಡೀ ವರ್ಷಕ್ಕೆ ಮುಕ್ಕಾಲು ಟಿಎಂಸಿ ಚಿಲ್ಲರೆ. ದೊಡ್ಡ ನದಿಯ ಮುಂದೆ ಇದು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಇದನ್ನೇ ಹರಿವಿಗೆ ತಿರುಗಿಸಿ ನೋಡಿ. ಹಗಲೂ ರಾತ್ರಿ ಬಿಡದೆ ಸುಮಾರು 25 ಕ್ಯೂಸೆಕ್. ಕಡು ಬೇಸಿಗೆಯಲ್ಲಿ ಎಷ್ಟೋ ನದಿಗಳಲ್ಲಿ ಅಷ್ಟು ಹರಿವೇ ಇರುವುದಿಲ್ಲ. ಗಂಗೆಯಂಥ ನದಿಯ ನೀರು ನಂಬಿದ್ದ, ಪಶ್ಚಿಮ ಬಂಗಾಳದ ಫರಕ್ಕಾ ಕಲ್ಲಿದ್ದಲು ಸ್ಥಾವರ ಕೂಡ 2016ರ ಮಾರ್ಚ್‌ನಲ್ಲಿ, ಅದಕ್ಕೆ ನೀರು ತರುವ ಕಾಲುವೆಯ ಮಟ್ಟ ಕುಸಿದಾಗ, ಉತ್ಪಾದನೆ ನಿಲ್ಲಿಸಬೇಕಾಯಿತು.

ಎತ್ತುವ ನೀರು ಬೇರೆ, ಆವಿಯಾಗಿ ಹೋಗುವ ನೀರು ಬೇರೆ. ಟವರ್ ಇಲ್ಲದೆ ನದಿ ನೀರನ್ನೇ ಹಾಯಿಸಿ ತಣ್ಣಗಾಗುವ ಸ್ಥಾವರ ಯೂನಿಟ್ಟಿಗೆ ನೂರು ಲೀಟರ್ ಆಸುಪಾಸು ಎತ್ತುತ್ತದೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಬಿಸಿ ಮಾಡಿ ವಾಪಸ್ ಬಿಡುತ್ತದೆ. 2003ರ ಬಿಸಿಗಾಳಿಯಲ್ಲಿ ಫ್ರಾನ್ಸಿನ ನದಿದಂಡೆಯ ಕೆಲವು ಅಣು ಸ್ಥಾವರಗಳು ಉತ್ಪಾದನೆ ತಗ್ಗಿಸಿದ್ದು ಇದೇ ಕಾರಣಕ್ಕೆ. ನದಿ ಮೊದಲೇ ಬೆಚ್ಚಗಿತ್ತು, ಇನ್ನಷ್ಟು ಬಿಸಿ ನೀರು ಬಿಡುವ ಹಾಗಿರಲಿಲ್ಲ. ಹಾಗಾಗಿ ನೀರಿನ ಉಷ್ಣತೆಯ ದಾಖಲೆಯೂ ನಿಮಗೆ ಬೇಕು. ಸೋಲಾರ್ ಫಲಕಗಳಿಗೆ ತೊಳೆಯುವಷ್ಟು ನೀರು ಸಾಕು, ಗಾಳಿಯಂತ್ರಕ್ಕೆ ಅದೂ ಬೇಡ. ನೀರನ್ನು ಒಡೆದು ಹೈಡ್ರೋಜನ್ ಇಂಧನ ಮಾಡುವ ಯೋಜನೆ ಇದ್ದರೆ ಕಿಲೋಗೆ 9 ಲೀಟರ್ ಶುದ್ಧ ನೀರು ಬರೀ ರಸಾಯನ ಕ್ರಿಯೆಗೇ ಹೋಗುತ್ತದೆ. ಶುದ್ಧೀಕರಣ, ತಂಪು ಮಾಡುವುದು ಎಲ್ಲ ಅದರ ಮೇಲೆ.

ಈಗ ನೀರಿನ ಕಡೆ. ಕನಿಷ್ಠ 30 ವರ್ಷದ ದಿನದ ಹರಿವು ತೆಗೆದುಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ. ನೂರರಲ್ಲಿ 95 ದಿನ ಸಿಗುವ ಹರಿವು ಎಷ್ಟು ಅಂತ ನೋಡಿ. ಅದರಲ್ಲಿ ಕುಡಿಯುವ ನೀರು, ಬೇಸಾಯದ ನೀರು, ನದಿ ಬದುಕಿರಲು ಬೇಕಾದ ನೀರು ಕಳೆಯಿರಿ. ಕಾಗದದ ಮೇಲೆ ಹಂಚಿಕೆಯಾಗಿ ಇನ್ನೂ ಯಾರೂ ಎತ್ತದ ನೀರನ್ನೂ ಕಳೆಯಬೇಕು. ಇದನ್ನು ಬಿಟ್ಟ ವರದಿಗಳನ್ನು ತುಂಬಾ ನೋಡಿದ್ದೇನೆ. ಕೊಳವೆಬಾವಿಯ ನೀರನ್ನು ಬೇರೆ ಮೂಲ ಅಂತ ಕೂಡಿಸಲೂಬೇಡಿ. ಬೇಸಿಗೆಯಲ್ಲಿ ನದಿಯಲ್ಲಿ ಹರಿಯುವುದು ಬಹುತೇಕ ಅಂತರ್ಜಲವೇ. ಎರಡನ್ನೂ ಬರೆದರೆ ಒಂದೇ ನೀರನ್ನು ಎರಡು ಸಲ ಎಣಿಸಿದ ಹಾಗೆ.

ಯಾವ ವರ್ಷಗಳ ದಾಖಲೆ ಅನ್ನುವುದೂ ಮುಖ್ಯ. ಅಮೆರಿಕದ ಕೊಲೊರಾಡೊ ನದಿ ನೀರನ್ನು 1922ರಲ್ಲಿ ಹಂಚಿದಾಗ ಕೈಯಲ್ಲಿದ್ದದ್ದು ಒಳ್ಳೆ ಮಳೆಯ ವರ್ಷಗಳ ಅಂಕಿ. ನದಿಯ ಮೇಲಿನ, ಕೆಳಗಿನ ಎರಡು ಭಾಗಕ್ಕೆ ಸೇರಿ ವರ್ಷಕ್ಕೆ 1.5 ಕೋಟಿ ಎಕರೆ-ಅಡಿ ಅಂತ ಬರೆದರು (ಒಂದು ಎಕರೆ ಮೇಲೆ ಒಂದು ಅಡಿ ನಿಲ್ಲುವ ನೀರು ಅಂದರೆ ಒಂದು ಎಕರೆ-ಅಡಿ). 2000ದಿಂದೀಚೆಗೆ ಸರಾಸರಿಯಲ್ಲಿ ಅಷ್ಟು ಬಂದೇ ಇಲ್ಲ. 2022ರಲ್ಲಿ ಅದೇ ನದಿಯ ಹೂವರ್ ಅಣೆಕಟ್ಟಿನ ಜಲಾಶಯ, 1930ರ ದಶಕದಲ್ಲಿ ತುಂಬಲು ಶುರುವಾದ ಮೇಲೆ ಎಂದೂ ಇಳಿಯದಷ್ಟು ಇಳಿಯಿತು. ವಿದ್ಯುತ್ತೂ ಕಡಿಮೆಯಾಯಿತು.

ಇನ್ನೊಂದು ಮಾತು. ಒಂದು ನದಿಯ ದಾಖಲೆ ಪುಸ್ತಕದಲ್ಲಿ ಬೇಸಿಗೆಯ ಹರಿವು ತಿಂಗಳುಗಟ್ಟಲೆ ಸೊನ್ನೆ ಇತ್ತು. ನನಗೆ ನಂಬಿಕೆ ಬರಲಿಲ್ಲ, ಹೋಗಿ ನೋಡಿದೆ. ನೀರಿನ ಮಟ್ಟ ಅಳೆಯುವ ಕಂಬ ಒಣ ಮರಳಿನಲ್ಲಿ ನಿಂತಿತ್ತು. ನೀರು ಆಚೆ ದಡಕ್ಕೆ ಸರಿದು, ಮೊಣಕಾಲುದ್ದ ಹರಿಯುತ್ತಿತ್ತು. ಬೇರೆ ಕಡೆ ಇದರ ತಿರುಗುಮುರುಗು ಕಂಡಿದ್ದೇನೆ. ಕಂಬದ ಬುಡದ ಗುಂಡಿಯಲ್ಲಿ ನೀರು ನಿಂತಿತ್ತು, ಹರಿವೇ ಇರಲಿಲ್ಲ. ಪುಸ್ತಕದಲ್ಲಿ ಮಾತ್ರ ಹರಿವು ಬರೆದಿದ್ದರು. ಕಂಪ್ಯೂಟರ್ ಮಾದರಿಗೆ ಅಂಕಿ ಹಾಕುವ ಮೊದಲು, ವರ್ಷದ ಅತಿ ಒಣ ತಿಂಗಳಲ್ಲಿ ಒಂದು ಸಲ ನೀವೇ ಹೋಗಿ ಆ ಕಂಬದ ಹತ್ತಿರ ನಿಂತು ಬನ್ನಿ.