ಗೈ ವೈರ್ ಮೇಲಿನ ಮಂಜುಗಡ್ಡೆ: ಬಡಿಯಬೇಡಿ, ತಡೆ ಹಾಕಿ

ಪ್ರಶ್ನೆ: ನಾನು ಅಮೆರಿಕದ ಮಿನೆಸೋಟಾದಲ್ಲಿರುವ ಹ್ಯಾಮ್ ರೇಡಿಯೋ ಹವ್ಯಾಸಿ. ಹಿತ್ತಲಿನಲ್ಲಿರುವ 20 ಮೀಟರ್ ಎತ್ತರದ ಟವರ್‌ಗೆ ಮೂರು ದಿಕ್ಕಿನಿಂದ ಉಕ್ಕಿನ ಗೈ ವೈರ್ (ಟವರ್ ವಾಲದಂತೆ ನೆಲಕ್ಕೆ ಎಳೆದು ಕಟ್ಟುವ ತಂತಿ) ಬಿಗಿದಿದ್ದೇನೆ. ಕಳೆದ ಚಳಿಗಾಲದಲ್ಲಿ ಅವುಗಳ ಮೇಲೆ ಕಟ್ಟಿದ್ದ ಮಂಜುಗಡ್ಡೆ ಜಾರಿ ಬಂದು ಕೆಳತುದಿಯ ಸುರುಳಿ ಗ್ರಿಪ್‌ಗೆ (ತಂತಿಯ ತುದಿಗೆ ಸುರುಳಿಯಾಗಿ ಸುತ್ತಿ ಅದನ್ನು ಹಿಡಿದಿಡುವ ಉಕ್ಕಿನ ಎಳೆಗಳು) ಅಪ್ಪಳಿಸಿತು. ಗ್ರಿಪ್‌ನ ಎಳೆಗಳು ಬಿಚ್ಚಿಕೊಂಡವು. ತಂತಿಗೆ ಗ್ರೀಸ್ ಹಚ್ಚಿದರೆ ಆದೀತೇ? ಗಡ್ಡೆಯನ್ನು ಕೋಲಿನಿಂದ ಬಡಿದು ಉದುರಿಸಬಹುದೇ?

ಉತ್ತರ: ಗ್ರೀಸ್ ಬೇಡ. ಕೋಲಂತೂ ಬೇಡವೇ ಬೇಡ. ಗ್ರೀಸ್ ಹಚ್ಚಿದ ಮಾತ್ರಕ್ಕೆ ಮಳೆಹನಿ ತಂತಿಯ ಮೇಲೆ ಹೆಪ್ಪುಗಟ್ಟುವುದು ನಿಲ್ಲುವುದಿಲ್ಲ. ಜಾರಿ ಬರುವ ಗಡ್ಡೆಯೇ ನಿಮ್ಮ ತೊಂದರೆಯಾಗಿರುವಾಗ, ಅದರ ದಾರಿಯನ್ನು ಇನ್ನಷ್ಟು ನುಣುಪು ಮಾಡುವುದೇಕೆ?

ಭಾರದ ಲೆಕ್ಕ ನೋಡಿ. 10 ಮಿಲಿಮೀಟರ್ ತಂತಿಯ ಸುತ್ತ 10 ಮಿಲಿಮೀಟರ್ ದಪ್ಪಕ್ಕೆ ಮಂಜು ಕಟ್ಟಿದರೆ ಮೀಟರಿಗೆ ಅರ್ಧ ಕಿಲೋಗಿಂತ ಹೆಚ್ಚು ತೂಕ ಬೀಳುತ್ತದೆ. ಅದು ತಂತಿಯ ಸ್ವಂತ ತೂಕಕ್ಕಿಂತಲೂ ಹೆಚ್ಚು. 25 ಮೀಟರ್ ಉದ್ದದ ತಂತಿಗೆ ಸುಮಾರು 14 ಕಿಲೋ ಆಯಿತು. ಆದರೆ ಭಾರಕ್ಕಿಂತ ಗಾಳಿಗೆ ಹೆಚ್ಚು ಅಂಜಬೇಕು. ತಂತಿಯ ಅಗಲ ಮೂರು ಪಟ್ಟಾದರೆ ಗಾಳಿ ಹಿಡಿಯುವ ಮೈಯೂ ಮೂರು ಪಟ್ಟಾಗುತ್ತದೆ. ಗಡ್ಡೆ ಒಂದೇ ಬದಿಗೆ ಕಟ್ಟಿದರಂತೂ ತಂತಿ ಮೇಲೆಕೆಳಗೆ ಕುಣಿಯತೊಡಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಎಮ್ಲಿ ಮೂರ್‌ನಲ್ಲಿ 385 ಮೀಟರ್ ಎತ್ತರದ ಟಿ.ವಿ. ಕಂಬ 1969ರ ಮಾರ್ಚ್ 19ರಂದು ಕುಸಿದು ಬಿದ್ದುದರ ಹಿಂದೆಯೂ ಮಂಜುಗಡ್ಡೆಯ ಭಾರವಿತ್ತು. ಅದರ ಜೊತೆಗೆ ಬಿರುಗಾಳಿಯಲ್ಲ, ಸಮನಾಗಿ ಬೀಸುತ್ತಿದ್ದ ಮಂದಗಾಳಿ ಕಂಬವನ್ನು ಓಲಾಡಿಸಿತ್ತು.

ಮನೆ ಟವರ್‌ನಲ್ಲಿ ಮಂಜು ಕಟ್ಟುವುದನ್ನು ತಡೆಯುವ ಅಗ್ಗದ ಉಪಾಯವಿಲ್ಲ. ಜಾರುವ ಗಡ್ಡೆಯನ್ನು ಗ್ರಿಪ್‌ಗೆ ಮುಟ್ಟಗೊಡದಿರುವುದು ಸಾಧ್ಯ. ಅದಕ್ಕೆಂದೇ ಐಸ್ ಕ್ಲಿಪ್ ಎಂಬ ಸಣ್ಣ ಹಿಡಿಕೆ ಸಿಗುತ್ತದೆ. ಕೆಳಗಿನ ಗ್ರಿಪ್‌ನ ಸುರುಳಿ ಮುಗಿಯುವ ಕಡೆ, ಅಂದರೆ ಅದರ ಮೇಲ್ತುದಿಯಲ್ಲಿ, ಇದನ್ನು ಬಿಗಿಯಬೇಕು. ಏಟು ಕ್ಲಿಪ್‌ಗೆ ಬೀಳುತ್ತದೆ, ಎಳೆಗಳು ಬಿಚ್ಚುವುದಿಲ್ಲ. ತಂತಿಯ ಅಳತೆಗೆ ಸರಿಯಾದದ್ದನ್ನೇ ಕೊಳ್ಳಿ. ಟರ್ನ್‌ಬಕಲ್‌ಗಳು (ತಿರುಗಿಸಿ ತಂತಿಯ ಬಿಗಿ ಹೊಂದಿಸುವ ತಿರುಪುಗಳು) ತಾವಾಗಿ ತಿರುಗದಂತೆ ಅವುಗಳ ನಡುವೆ ಎಂಟರ ಆಕಾರದಲ್ಲಿ ತಂತಿ ಸುತ್ತಿ.

ಬಡಿಯುವುದೇಕೆ ಬೇಡ ಎಂದರೆ, ಒಂದು ಬದಿಯ ಗಡ್ಡೆ ಉದುರಿ ಇನ್ನೊಂದು ಬದಿಯದು ಉಳಿದರೆ ಟವರ್ ಒಂದೇ ಕಡೆಗೆ ಎಳೆಯಲ್ಪಡುತ್ತದೆ. ಜೊತೆಗೆ ಬಡಿಯುವವರ ತಲೆಯ ಚಿಂತೆಯೂ ಇದೆಯಲ್ಲ! ಮಂಜಿನ ಭಾರಕ್ಕೆ ಜೋತ ತಂತಿಯನ್ನು ಆಗಲೇ ಬಿಗಿಗೊಳಿಸುವುದೂ ತಪ್ಪು. ಗಡ್ಡೆ ಕಳಚಿದ ಮೇಲೆ ಅದು ಅತಿಬಿಗಿಯಾಗುತ್ತದೆ. ಮಂಜು ಪೂರ್ತಿ ಕರಗಿದ ಮೇಲೆ, ಗಾಳಿಯಿಲ್ಲದ ದಿನ ಅಳೆಯಿರಿ. ಸಾಮಾನ್ಯವಾಗಿ ತಂತಿ ತುಂಡಾಗುವಷ್ಟು ಬಲದ ಶೇ 10ರಷ್ಟು ಬಿಗಿ ಇಡುತ್ತಾರೆ. ಚಳಿಗೆ ಉಕ್ಕು ಕುಗ್ಗಿ ಬಿಗಿ ಏರುವುದರಿಂದ ತಯಾರಕರ ಕೋಷ್ಟಕದಲ್ಲಿ ಆ ದಿನದ ಉಷ್ಣಾಂಶದ ಸಾಲನ್ನೇ ನೋಡಿ.

ಬಿಚ್ಚಿಕೊಂಡ ಗ್ರಿಪ್ ಅನ್ನು ಮತ್ತೆ ಸುತ್ತಿ ಬಳಸಬೇಡಿ, ಹೊಸದು ಹಾಕಿ. ಹಳೆಯದನ್ನು ಕಳಚುವ ಮೊದಲು ಅದೇ ದಿಕ್ಕಿಗೆ ತಾತ್ಕಾಲಿಕ ತಂತಿಯೊಂದನ್ನು ಕಟ್ಟಿಕೊಂಡಿರಬೇಕು. ಆ ಹೊತ್ತಿನಲ್ಲಿ ಯಾರೂ ಟವರ್ ಮೇಲಿರಕೂಡದು.